ಬಾಗಿಲಲ್ಲಿ ತಡೆದ ಓಲೆ

ಹಿಂದೆ ಪತ್ರ ತಲುಪದೆ ಹೋದರೆ ದೂರುವುದಕ್ಕೆ ಏನಾದರೊಂದು ಕಾರಣ ಸಿಕ್ಕುತ್ತಿದ್ದಿತು. ಅಂಚೆಯವನು ರಜೆಯ ಮೇಲೆ ಹೋಗಿರುತ್ತಿದ್ದ. ಹೊಳೆ ತುಂಬಿ ಬಸ್ಸು ನಿಂತಿರುತ್ತಿತ್ತು. ಇಲ್ಲವೇ 'ಡಬ್ಬಕ್ಕೆ ಹಾಕಿ ಬಾ' ಎಂದು ಕೊಟ್ಟ ಕಾಗದ ಮಗನ ಅಂಗಿಯ ಜೇಬಿನಲ್ಲಿಯೇ ಉಳಿದು ಒಗೆಯುವ ಕಲ್ಲನ್ನು ಕಂಡಿರುತ್ತಿತ್ತು. ಇ-ಮೇಲ್ ಬಂದ ಮೇಲೆ ಈ ನೆಪಗಳೆಲ್ಲ ಹೋದುವು. ಗುಂಡಿಯನ್ನೊತ್ತಿದ ಮರುಕ್ಷಣವೇ 'ಕಳುಹಿಸಲಾಗಿದೆ' ಎಂಬ ಅಕ್ಷರಗಳು ತೆರೆಯ ಮೇಲೆ ಮೂಡುತ್ತವೆ. ನಾವು ನಿಶ್ಚಿಂತೆಯಿಂದ ಕಾಫಿಗೆ ಏಳುತ್ತೇವೆ.

ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಗೆ ಸರಿಯುತ್ತಾನೆಂದು ವರ್ಷಕ್ಕೊಮ್ಮೆ ತರಗತಿಯಲ್ಲಿ ಹೇಳುವವನು ನಾನು. ಆದರೂ 'ಕಳುಹಿಸಲಾಗಿದೆ' ಎಂಬ ಆ ಒಂದು ಕ್ರಿಯಾಪದದಲ್ಲಿ ಕಳುಹಿಸಿದವರು ಯಾರು, ಎಲ್ಲಿಯವರೆಗೆ ಕಳುಹಿಸಿದರು, ತಲುಪಿಸುವ ಹೊಣೆ ಯಾರದು ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಳೆಯುವ ವೇಳೆಗೆ ನನ್ನ ಗುರುಗಳು ನನ್ನ ಮೇಲೆ ಮುನಿಸಿಕೊಂಡು ನಾಲ್ಕು ತಿಂಗಳಾಗಿದ್ದಿತು.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನಾನು ಕಾರ್ಯದರ್ಶಿಯಾಗಿರುವ ಒಂದು ಪುಟ್ಟ ಸಾಹಿತ್ಯ ಸಂಘವಿದೆ. ಅದಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಬೆಳ್ಳಿಹಬ್ಬವನ್ನು ಮಾಡುವುದೆಂದು ನಿಶ್ಚಯವಾಯಿತು. ಅಧ್ಯಕ್ಷತೆಗೆ ಯಾರು ಎಂಬ ಚರ್ಚೆಯೇ ಏಳಲಿಲ್ಲ. ಮೈಸೂರಿನ ಸರಸ್ವತೀಪುರದಲ್ಲಿರುವ ನಮ್ಮ ಗುರುಗಳು ಎಂ.ಎ. ತರಗತಿಯಲ್ಲಿ ನಮಗೆ ಹಳಗನ್ನಡದ ಬಾಗಿಲನ್ನು ತೆರೆದವರು. ಎಂಬತ್ತು ದಾಟಿದ ಮೇಲೂ ಬೆಳಗಿನ ಕಾಫಿಯೊಡನೆ ತಮ್ಮ ಇ-ಮೇಲನ್ನು ತಾವೇ ತೆರೆದು ನೋಡುವವರು. ಸಂಘದ ಸ್ವಂತ ವಿಳಾಸದಿಂದ ಅವರಿಗೆ ವಿನಯಪೂರ್ವಕವಾದ ಪತ್ರವೊಂದನ್ನು ಬರೆದೆ. ಉತ್ತರವಿಲ್ಲ. ಹದಿನೈದು ದಿನ ಬಿಟ್ಟು ಮತ್ತೊಂದನ್ನು ಬರೆದೆ. ಅದಕ್ಕೂ ಉತ್ತರವಿಲ್ಲ. ಹಿರಿಯರನ್ನು ದೂರವಾಣಿಯಲ್ಲಿ ಪೀಡಿಸಬಾರದೆಂಬ ಸಂಕೋಚ ಒಂದು ಕಡೆ. 'ಇಷ್ಟು ಸಣ್ಣ ಸಂಘ ಅವರಿಗೆ ಯಾವ ಲೆಕ್ಕ!' ಎಂಬ ಒಳಮುನಿಸು ಇನ್ನೊಂದು ಕಡೆ. ಕೊನೆಗೆ ಬೇರೊಬ್ಬರು ಅಧ್ಯಕ್ಷರಾದರು. ಹಬ್ಬ ಮುಗಿಯಿತು. ಉಪ್ಪಿಟ್ಟು ಕೇಸರಿಭಾತುಗಳು ಚೆನ್ನಾಗಿದ್ದುವೆಂದು ಎಲ್ಲರೂ ಹೊಗಳಿದರು.

ನಾಲ್ಕು ತಿಂಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಹಳೆಯ ಸಹಪಾಠಿಯೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಯ್ಯಾ, ಮೇಷ್ಟ್ರನ್ನು ಬೆಳ್ಳಿಹಬ್ಬಕ್ಕೆ ಕರೆಯಲೇ ಇಲ್ಲವಂತಲ್ಲ! ತುಂಬ ನೊಂದುಕೊಂಡಿದ್ದಾರೆ" ಎಂದ. ಊಟ ರುಚಿಸಲಿಲ್ಲ. ಆ ಶನಿವಾರವೇ ಮೈಸೂರಿನ ರೈಲು ಹತ್ತಿದೆ.

ಗುರುಗಳು ಬಾಗಿಲಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಮಸ್ಕರಿಸಿದೆ. "ಬಾರಯ್ಯಾ, ಕೂತುಕೋ. ಕರೆಯದಿದ್ದರೂ ಬಂದೆಯಲ್ಲ, ಅದು ನಿನ್ನ ದೊಡ್ಡತನ. ನನಗೆ ಆ ಅಭ್ಯಾಸವಿಲ್ಲ" ಎಂದರು. ನಾನು ಎರಡು ಸಲ ಪತ್ರ ಬರೆದೆನೆಂದು ಹೇಳಿದುದಕ್ಕೆ ಅವರು ಏನೂ ನುಡಿಯದೆ ತಮ್ಮ ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಬಂದ ಪತ್ರಗಳ ಪೆಟ್ಟಿಗೆಯಲ್ಲಿ ಹುಡುಕಿದೆ. ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಯಲ್ಲಿ ಹುಡುಕಿದೆ. ಸಂಘದ ಹೆಸರನ್ನು ಕೊಟ್ಟು ಹುಡುಕಿದೆ. ಎಲ್ಲಿಯೂ ಇಲ್ಲ. ನನ್ನ ಓಲೆ ಅವರ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ.

ಊರಿಗೆ ಮರಳಿದವನೇ ಗಣಕ ವಿಜ್ಞಾನದಲ್ಲಿ ಪದವಿ ಪಡೆದ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆ. ಅವನು ಕೇಳಿದ ಮೊದಲನೆಯ ಪ್ರಶ್ನೆ: "ಸಾರ್, ಪತ್ರ ವಾಪಸು ಬಂದ ಸೂಚನೆ ಏನಾದರೂ ಇತ್ತೇ?" ಇಲ್ಲವೆಂದೆ. ಅವನು ಸಂಘದ ಪೆಟ್ಟಿಗೆಯನ್ನು ಕೆದಕಿ, ನಾನು ತೆಗೆದೆಸೆದಿದ್ದ ಪತ್ರಗಳ ರಾಶಿಯೊಳಗಿನಿಂದ ಒಂದಲ್ಲ, ಹತ್ತಾರು ಸೂಚನೆಗಳನ್ನು ಎತ್ತಿ ತೋರಿಸಿದ. ಅವನ್ನೆಲ್ಲ ನಾನು ನೋಡಿದ್ದೆ! ಇಂಗ್ಲಿಷಿನಲ್ಲಿ ಏನೋ ಅಂಕಿ, ಏನೋ ಗೊಣಗಾಟ. ಯಾವುದೋ ಜಾಹೀರಾತೆಂದು ಬಗೆದು ಓದದೆ ಅಳಿಸಿದ್ದೆ. ಪಂಪನ ಒಂದೊಂದು ಪದಕ್ಕೂ ಅರ್ಧ ಗಂಟೆ ಅರ್ಥ ಹೇಳುವ ನಾನು, ನನ್ನ ಪತ್ರವೇಕೆ ಹೋಗಲಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ್ದ ಎರಡು ಸಾಲನ್ನು ಓದಿರಲಿಲ್ಲ. ವಾಚಕರು ಈ ತಪ್ಪನ್ನು ಮಾಡದಿರಲಿ ಎಂಬುದೇ ಈ ವಾರದ ನನ್ನ ಬರಹದ ಉದ್ದೇಶ.

ಹಾಗಾದರೆ ಪತ್ರವನ್ನು ತಡೆಯುವವರು ಯಾರು? ಏಕೆ ತಡೆಯುತ್ತಾರೆ?

ಇ-ಮೇಲ್ ಹುಟ್ಟಿದ್ದು ಪರಸ್ಪರ ಬಲ್ಲವರ ಬೀದಿಯಲ್ಲಿ. ೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಪತ್ರವನ್ನು ಕಳುಹಿಸಿದರು. ಇಂದಿಗೂ ವಿಳಾಸದ ನಡುವೆ ನಾವು ಬರೆಯುವ ಸುರುಳಿಯ ಚಿಹ್ನೆಯನ್ನು ಆರಿಸಿದವರು ಅವರೇ. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಪತ್ರ ಸಾಗಣೆಯ ನಿಯಮಗಳನ್ನು ಬರೆದರು, ಎಸ್.ಎಂ.ಟಿ.ಪಿ. ಎಂದು ಅದರ ಹೆಸರು. ಇಂದಿನ ಪತ್ರಗಳು ಸಾಗುವುದೂ ಅದರ ತಳಹದಿಯ ಮೇಲೆಯೇ. ಆ ನಿಯಮದಲ್ಲಿ ಒಂದು ಕೊರತೆಯಿದ್ದಿತು. 'ಇಂದ' ಎಂಬ ಸ್ಥಳದಲ್ಲಿ ಯಾರು ಯಾರ ಹೆಸರನ್ನು ಬೇಕಾದರೂ ಬರೆಯಬಹುದಾಗಿದ್ದಿತು. ಅದು ನಿಜವೇ ಎಂದು ಕೇಳುವವರಿರಲಿಲ್ಲ. ಇನ್‌ಲ್ಯಾಂಡ್ ಕಾಗದದ ಹಿಂಬದಿಯಲ್ಲಿ ನಾನು ಮಹಾರಾಜರ ಹೆಸರನ್ನು ಬರೆದರೂ ಅಂಚೆಯವನು ಅದನ್ನು ತಲುಪಿಸುತ್ತಿದ್ದನಲ್ಲವೇ? ಹಾಗೆಯೇ ಇದು.

ಬಲ್ಲವರ ಬೀದಿಗೆ ಅಪರಿಚಿತರು ನುಗ್ಗುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ೧೯೭೮ರ ಮೇ ೩ರಂದೇ ಒಂದು ಕಂಪ್ಯೂಟರು ಕಂಪೆನಿಯ ಮಾರಾಟಗಾರರೊಬ್ಬರು ತಮ್ಮ ಯಂತ್ರಗಳನ್ನು ಹೊಗಳಿ ಸುಮಾರು ೪೦೦ ಜನಕ್ಕೆ ಕೇಳದೆಯೇ ಪತ್ರವನ್ನು ಕಳುಹಿಸಿದ್ದರು. ಅಲ್ಲಿಂದ ಮುಂದೆ ಲಾಟರಿಯ ಹಣ ಬಂದಿದೆಯೆನ್ನುವವರು, ಬ್ಯಾಂಕಿನವರಂತೆ ನಟಿಸುವವರು, ಔಷಧಿ ಮಾರುವವರು ಕೋಟಿ ಕೋಟಿ ಪತ್ರಗಳನ್ನು ಸುರಿಯತೊಡಗಿದರು. ಮನೆಯವರು ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಲೇಬೇಕಾಯಿತು. ಇಂದು ಪ್ರತಿಯೊಂದು ದೊಡ್ಡ ಅಂಚೆಯ ಸರ್ವರಿನ ಮುಂದೆಯೂ ಇಂಥ ಕಾವಲುಗಾರನಿದ್ದಾನೆ. ಅವನು ಕೇಳುವ ಪ್ರಶ್ನೆಗಳು ಮೂರು: ನೀನು ಯಾರು? ನಿನ್ನ ನಡತೆ ಎಂಥದು? ಕೈಯಲ್ಲಿ ಏನನ್ನು ತಂದಿದ್ದೀಯೆ? ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಓಲೆಯನ್ನು ಬಾಗಿಲಿನಿಂದಲೇ ಹಿಂದಕ್ಕಟ್ಟುತ್ತಾನೆ, ಇಲ್ಲವೇ ಒಳಗೆ ಬಿಟ್ಟು ಕಸದ ಬುಟ್ಟಿಯಲ್ಲಿ ಕೂರಿಸುತ್ತಾನೆ. ಓಲೆಯಲ್ಲಿ ಬರೆದಿರುವ ವಿಷಯ ಎಷ್ಟೇ ಪೂಜ್ಯವಾಗಿದ್ದರೂ ಮೊದಲೆರಡು ಪ್ರಶ್ನೆಗಳಿಗೆ ಅದು ಉತ್ತರವಾಗದು.

ಹಿಂದಕ್ಕಟ್ಟುವಾಗ ಅವನು ಕಾರಣವನ್ನು ಅಂಕಿಯಲ್ಲಿ ಬರೆದು ಕಳುಹಿಸುತ್ತಾನೆ. ಅಂಕಿ ನಾಲ್ಕರಿಂದ ಮೊದಲಾದರೆ 'ಈಗ ಬೇಡ, ಆಮೇಲೆ ಬಾ' ಎಂದರ್ಥ. ನಮ್ಮ ಸರ್ವರು ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಐದರಿಂದ ಮೊದಲಾದರೆ 'ಬರಲೇಬೇಡ' ಎಂದರ್ಥ. ೫೫೦ ಎಂಬುದು ಎಲ್ಲಕ್ಕಿಂತ ಸಾಮಾನ್ಯವಾದುದು: ಅಂಥ ಹೆಸರಿನ ಪೆಟ್ಟಿಗೆ ಇಲ್ಲ, ಅಥವಾ ನಿನ್ನ ಮೇಲೆ ನಂಬಿಕೆಯಿಲ್ಲ, ಇವೆರಡರಲ್ಲಿ ಯಾವುದೆಂದು ಮುಂದಿನ ವಾಕ್ಯ ಹೇಳುತ್ತದೆ. ೫೫೨ ಬಂದರೆ ಪತ್ರದ ಗಾತ್ರ ಅತಿಯಾಯಿತು, ಅಥವಾ ಅವರ ಪೆಟ್ಟಿಗೆ ತುಂಬಿಹೋಗಿದೆ. ೫೩೫ ಬಂದರೆ ನಮ್ಮ ಪಾಸ್‌ವರ್ಡೇ ತಪ್ಪು. ಪತ್ರ ನಮ್ಮ ಮನೆಯನ್ನೇ ಬಿಟ್ಟಿಲ್ಲ. ಆದುದರಿಂದ ಚಿಕಿತ್ಸೆಗೆ ಮೊದಲು ರೋಗಿಯ ನಾಡಿಯನ್ನು ಹಿಡಿಯುವಂತೆ, ಹಿಂತಿರುಗಿದ ಸೂಚನೆಯನ್ನು ಕೊನೆಯವರೆಗೆ ಓದಬೇಕು.

ನಮ್ಮ ಸೂಚನೆಯಲ್ಲಿ ೫೫೦ ಇದ್ದಿತು. 'ಈ ಸರ್ವರು ಕಪ್ಪುಪಟ್ಟಿಯಲ್ಲಿದೆ' ಎಂದು ಅದರ ಮುಂದೆ ಬರೆದಿತ್ತು. ಸಂಘದ ಹೆಸರು ಕಪ್ಪುಪಟ್ಟಿಯಲ್ಲಿ! ಕುಮಾರವ್ಯಾಸ ಜಯಂತಿಯನ್ನು ಬಿಟ್ಟು ಬೇರೆ ಅಪರಾಧವನ್ನೇ ಅರಿಯದ ಸಂಘ. ಶಿಷ್ಯ ನಗದೆ ಕೇಳಿದ: "ಸಂಘದ ಪಾಸ್‌ವರ್ಡ್ ಏನಿತ್ತು ಸಾರ್?" ಹೇಳಿದೆ. ಸಂಘದ ಹೆಸರು, ಅದರ ಮುಂದೆ ಸ್ಥಾಪನೆಯಾದ ವರ್ಷ. ಮೂರು ಜನ ಪದಾಧಿಕಾರಿಗಳ ನಾಲಗೆಯ ಮೇಲಿದ್ದುದು. ಕರಪತ್ರದ ತಲೆಯ ಮೇಲೆ ಅಚ್ಚಾದುದೂ ಹೆಚ್ಚು ಕಡಮೆ ಅದೇ. ಯಾವನೋ ಕಳ್ಳ ಅದನ್ನು ಊಹಿಸಿ, ರಾತ್ರೋರಾತ್ರಿ ನಮ್ಮ ಸಂಘದ ಹೆಸರಿನಲ್ಲಿ ಸಾವಿರಾರು ಕಸದ ಪತ್ರಗಳನ್ನು ಲೋಕಕ್ಕೆಲ್ಲ ಹಂಚಿದ್ದ. ನಾವು ಮಲಗಿದ್ದೆವು.

ಈ ಕಪ್ಪುಪಟ್ಟಿಗಳಿಗೂ ಒಂದು ಚರಿತ್ರೆಯಿದೆ. ೧೯೯೭ರಲ್ಲಿ ಪಾಲ್ ವಿಕ್ಸೀ ಎಂಬವರು ಕಸ ಕಳುಹಿಸುವ ಯಂತ್ರಗಳ ಸಂಖ್ಯೆಗಳನ್ನು ಪಟ್ಟಿಮಾಡಿ, ಬೇಕಾದವರು ನೋಡಿಕೊಳ್ಳುವಂತೆ ಇಟ್ಟರು. ೧೯೯೮ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಲಿನ್‌ಫರ್ಡ್ ಅವರು ಆರಂಭಿಸಿದ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಪಟ್ಟಿಗಳನ್ನು ಇಂದು ಲೋಕದ ಅನೇಕ ಸರ್ವರುಗಳು ತಿರುವಿ ನೋಡುತ್ತವೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕಡಮೆ ಬೆಲೆಯ ಸ್ಥಳದಲ್ಲಿ ನಮ್ಮಂಥ ನೂರಾರು ಸಂಘ, ಅಂಗಡಿ, ಶಾಲೆಗಳು ಒಂದೇ ಸರ್ವರಿನಲ್ಲಿ, ಒಂದೇ ಸಂಖ್ಯೆಯಲ್ಲಿ ವಾಸಮಾಡುತ್ತವೆ. ನಮ್ಮ ಹಿಂದಿನ ವಠಾರಗಳಂತೆ. ವಠಾರದ ಒಂದು ಮನೆಯವನು ಅಪಕೀರ್ತಿ ತಂದರೆ ಉಳಿದವರ ಮಕ್ಕಳಿಗೂ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರಲ್ಲವೇ? ನಾವು ತಪ್ಪು ಮಾಡದಿದ್ದರೂ ನೆರೆಯವನ ತಪ್ಪಿಗಾಗಿ ನಮ್ಮ ಓಲೆ ನಿಲ್ಲಬಹುದು. ನಮ್ಮ ಸಂಗತಿಯಲ್ಲಿ ಮಾತ್ರ ಅಪಕೀರ್ತಿ ತಂದ ಮನೆ ನಮ್ಮದೇ. ಎಷ್ಟು ಜನ ಅಮಾಯಕರ ಪತ್ರಗಳು ನಮ್ಮಿಂದ ನಿಂತುವೋ!

ಶಿಷ್ಯನು ಮಾಡಿದ ಚಿಕಿತ್ಸೆಯನ್ನು ಕ್ರಮವಾಗಿ ಹೇಳುತ್ತೇನೆ. ಸಂಘ ಸಂಸ್ಥೆಗಳನ್ನೂ ಸಣ್ಣ ವ್ಯಾಪಾರವನ್ನೂ ನಡೆಸುವ ವಾಚಕರಿಗೆ ಉಪಯೋಗವಾದೀತು.

ಮೊದಲನೆಯದಾಗಿ ಬೀಗವನ್ನು ಬದಲಾಯಿಸಿದ. ಉದ್ದವಾದ, ಊಹೆಗೆ ನಿಲುಕದ ಪಾಸ್‌ವರ್ಡ್. ಅದರ ಮೇಲೆ ಮೊಬೈಲಿಗೆ ಬರುವ ಅಂಕಿಯನ್ನೂ ಕೇಳುವ ಎರಡನೆಯ ಬೀಗ. ಕಳ್ಳನು ಹಿಂಬಾಗಿಲನ್ನು ತೆರೆದಿಟ್ಟು ಹೋಗಿರಬಹುದಷ್ಟೆ. ಆದುದರಿಂದ ಪತ್ರಗಳನ್ನು ಬೇರೆಡೆಗೆ ತಿರುಗಿಸುವ ಏರ್ಪಾಡನ್ನೇನಾದರೂ ಮಾಡಿರುವನೇ ಎಂದು ನೋಡಿದ. ಇದಿಷ್ಟೂ ಆದ ಮೇಲೆಯೇ ಸರ್ವರಿನ ಕಂಪೆನಿಗೂ ಕಪ್ಪುಪಟ್ಟಿಯವರಿಗೂ ಬಿಡುಗಡೆಗಾಗಿ ಅರ್ಜಿಯನ್ನು ಹಾಕಿಸಿದ. ಕಾರಣವನ್ನು ಸರಿಪಡಿಸದೆ ಅರ್ಜಿ ಹಾಕಿದರೆ ಎರಡು ದಿನದಲ್ಲಿ ಮತ್ತೆ ಪಟ್ಟಿಗೇ ಸೇರುತ್ತೇವೆ. ಸ್ಪ್ಯಾಮ್‌ಹೌಸ್ ಬಿಡುಗಡೆಗೆ ಹಣವನ್ನು ಕೇಳುವುದಿಲ್ಲ. ಆ ಹೆಸರಿನಲ್ಲಿ ಹಣ ಕೇಳಿದವರನ್ನು ನಂಬಬೇಡಿ.

ಎರಡನೆಯದು 'ನೀನು ಯಾರು?' ಎಂಬ ಪ್ರಶ್ನೆಗೆ ಉತ್ತರ. ಸಂಘಕ್ಕೆ ಸ್ವಂತ ವಿಳಾಸವಿದ್ದರೆ, ಅಂದರೆ ಸ್ವಂತ ಡೊಮೇನ್ ಇದ್ದರೆ, ಅದರ ದಾಖಲೆಗಳಲ್ಲಿ ಮೂರು ಬರಹಗಳಿರಬೇಕು. ಒಂದು ಎಸ್.ಪಿ.ಎಫ್.: 'ನಮ್ಮ ಹೆಸರಿನಲ್ಲಿ ಪತ್ರವನ್ನು ಒಯ್ಯಲು ಈ ಈ ಸರ್ವರುಗಳಿಗೆ ಮಾತ್ರ ಅಧಿಕಾರವುಂಟು' ಎಂಬ ಪಟ್ಟಿ. ಇದು ಒಂದೇ ಒಂದಿರಬೇಕು. ಹೊಸದನ್ನು ಬರೆದು ಹಳೆಯದನ್ನು ಹಾಗೆಯೇ ಬಿಟ್ಟರೆ ಎರಡೂ ಕೆಡುತ್ತವೆ. ಎರಡು ಡಿಕಿಮ್: ಪತ್ರದ ಮೇಲೆ ಒತ್ತುವ ಅರಗಿನ ಮುದ್ರೆಯೆನ್ನಿ. ಮುದ್ರೆಯ ಗುಟ್ಟು ನಮ್ಮ ಸರ್ವರಿನಲ್ಲಿರುತ್ತದೆ. ಅದನ್ನು ಪರೀಕ್ಷಿಸುವ ಮಾದರಿ ಎಲ್ಲರಿಗೂ ಕಾಣುವಂತೆ ದಾಖಲೆಯಲ್ಲಿರುತ್ತದೆ. ನಡುದಾರಿಯಲ್ಲಿ ಯಾರಾದರೂ ಪತ್ರವನ್ನು ತಿದ್ದಿದರೆ ಮುದ್ರೆ ಒಡೆಯುತ್ತದೆ. ಮೂರು ಡಿಮಾರ್ಕ್: ಓದುವವರ ಕಣ್ಣಿಗೆ ಕಾಣುವ ಹೆಸರಿಗೂ ಈ ಎರಡು ಸಾಕ್ಷ್ಯಗಳಿಗೂ ಹೊಂದಾಣಿಕೆಯಿಲ್ಲದಿದ್ದರೆ ಏನು ಮಾಡಬೇಕೆಂದು ಕಾವಲುಗಾರನಿಗೆ ನಾವೇ ಕೊಡುವ ಅಪ್ಪಣೆ. ಬಿಟ್ಟುಬಿಡು, ಕಸದ ಬುಟ್ಟಿಗೆ ಹಾಕು, ಹಿಂದಕ್ಕಟ್ಟು ಎಂದು ಮೂರು ಬಗೆ. ಮೊದಲು ಮೆತ್ತಗಿನ ಅಪ್ಪಣೆಯಿಂದ ಆರಂಭಿಸಿ, ನಮ್ಮ ಪತ್ರಗಳೆಲ್ಲ ಸರಿಯಾಗಿ ಹೋಗುತ್ತಿವೆಯೆಂದು ಖಚಿತವಾದ ಮೇಲೆ ಬಿಗಿಮಾಡುವುದು ಜಾಣತನ. ಇವನ್ನು ನಾವೇ ಬರೆಯಬೇಕಾಗಿಲ್ಲ. ಡೊಮೇನ್ ಕೊಟ್ಟ ಕಂಪೆನಿಯನ್ನು ಹೆಸರು ಹಿಡಿದು ಕೇಳಿದರೆ ಮಾಡಿಕೊಡುತ್ತಾರೆ. ಆದರೆ ಕೇಳಬೇಕು. ನಾವು ಕೇಳಿರಲಿಲ್ಲ.

ಇದು ಈಗ ಐಚ್ಛಿಕವಲ್ಲ ಎಂಬುದನ್ನೂ ವಾಚಕರು ಗಮನಿಸಬೇಕು. ೨೦೨೪ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಂಸ್ಥೆಗಳು ಹೊಸ ಕಟ್ಟುಪಾಡುಗಳನ್ನು ತಂದಿವೆ. ಜಿಮೇಲಿಗೆ ಬರೆಯುವವರೆಲ್ಲರಿಗೂ ಎಸ್.ಪಿ.ಎಫ್. ಅಥವಾ ಡಿಕಿಮ್ ಇರಲೇಬೇಕು. ದಿನಕ್ಕೆ ೫,೦೦೦ಕ್ಕೆ ಮೇಲ್ಪಟ್ಟು ಕಳುಹಿಸುವವರಿಗೆ ಮೂರೂ ಇರಬೇಕು. ಓದುಗರಲ್ಲಿ 'ಇದು ಕಸ' ಎಂದು ದೂರುವವರು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ೨೦೨೫ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೂ ಔಟ್‌ಲುಕ್ ವಿಳಾಸಗಳಿಗೆ ಹೆಚ್ಚಾಗಿ ಕಳುಹಿಸುವವರ ಮೇಲೆ ಇದೇ ಬಗೆಯ ನಿಯಮವನ್ನು ಹೇರಿತು.

ಮೂರನೆಯದು ನಡತೆ. ನಮ್ಮ ಸಂಘದ ವಿಳಾಸಪಟ್ಟಿಯಲ್ಲಿ ಮುನ್ನೂರು ಹೆಸರುಗಳಿದ್ದುವು. ಅವುಗಳಲ್ಲಿ ಕೆಲವು ಎಂದೋ ಮುಚ್ಚಿಹೋದ ಪೆಟ್ಟಿಗೆಗಳು. ಕೆಲವು ಯಾರೂ ಒಪ್ಪಿಗೆ ಕೊಡದೆ ನಾವೇ ಸೇರಿಸಿಕೊಂಡವು. ಇಲ್ಲದವರ ಬಾಗಿಲನ್ನು ಪದೇ ಪದೇ ತಟ್ಟುವವನನ್ನು ಕಾವಲುಗಾರನು ಸಂದೇಹದಿಂದ ನೋಡುತ್ತಾನೆ. ಶಿಷ್ಯನು ಸತ್ತ ವಿಳಾಸಗಳನ್ನೆಲ್ಲ ಹೊಡೆದುಹಾಕಿಸಿದ. ಆಮಂತ್ರಣವನ್ನು ಬರಿಯ ಚಿತ್ರವಾಗಿ ಕಳುಹಿಸುವ ಪದ್ಧತಿಯನ್ನು ಬಿಡಿಸಿ, ವಿಷಯವನ್ನು ಅಕ್ಷರಗಳಲ್ಲಿಯೇ ಬರೆಯಿಸಿದ. ಮೊದಲ ವಾರ ಹತ್ತಿಪ್ಪತ್ತು ಜನಕ್ಕೆ, ಅನಂತರ ಐವತ್ತು ಜನಕ್ಕೆ, ಹೀಗೆ ಮೆಲ್ಲಮೆಲ್ಲನೆ ಕಳುಹಿಸಿ ಕಳೆದುಕೊಂಡ ಹೆಸರನ್ನು ಮತ್ತೆ ಸಂಪಾದಿಸಬೇಕೆಂದ. ಹೆಸರು ಕೆಡಲು ಒಂದು ರಾತ್ರಿ ಸಾಕಾಗಿತ್ತು. ಸರಿಯಾಗಲು ಹಲವು ವಾರ ಹಿಡಿಯಿತು.

ಸ್ವಂತ ಡೊಮೇನಿನ ರಗಳೆಯಿಲ್ಲದ ಗೃಹಸ್ಥರ ಪತ್ರಗಳೂ ಕೆಲವೊಮ್ಮೆ ನಿಲ್ಲುತ್ತವೆ. ಅವಕ್ಕೆ ಕಾರಣಗಳು ಸಾಮಾನ್ಯವಾಗಿ ಸರಳ. ವಿಳಾಸದಲ್ಲಿ ಒಂದು ಅಕ್ಷರ ಅಥವಾ ಒಂದು ಚುಕ್ಕಿ ತಪ್ಪಿರುತ್ತದೆ. ಮದುವೆಯ ಫೋಟೋಗಳನ್ನೆಲ್ಲ ಒಟ್ಟಿಗೆ ತುರುಕಿರುತ್ತೇವೆ. ಜಿಮೇಲಿನ ಮಿತಿ ೨೫ ಎಂ.ಬಿ., ಸಾಗಣೆಗಾಗಿ ಕಟ್ಟುವಾಗ ಕಡತದ ಗಾತ್ರ ಮೂರರಲ್ಲೊಂದು ಭಾಗ ಬೆಳೆಯುವುದರಿಂದ ಹದಿನೆಂಟರ ಒಳಗಿದ್ದರೆ ಕ್ಷೇಮ. ಅದಕ್ಕೆ ಮೀರಿದುದನ್ನು ಡ್ರೈವ್ ಮುಂತಾದೆಡೆ ಇಟ್ಟು ಕೊಂಡಿಯನ್ನು ಕಳುಹಿಸಬೇಕು. ಉಚಿತವಾದ ಜಿಮೇಲಿನಿಂದ ದಿನಕ್ಕೆ ೫೦೦ ಜನಕ್ಕಿಂತ ಹೆಚ್ಚು ಮಂದಿಗೆ ಕಳುಹಿಸಿದರೆ ಅದು ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಸುತ್ತದೆ. ಆಗ ಗಾಬರಿಯಾಗದೆ ಮರುದಿನದವರೆಗೆ ಕಾದರೆ ಸರಿ.

ಮನೆಯ ಕಂಪ್ಯೂಟರಿನಲ್ಲಿ ಔಟ್‌ಲುಕ್, ಥಂಡರ್‌ಬರ್ಡ್ ಮೊದಲಾದ ತಂತ್ರಾಂಶದಿಂದ ಬರೆಯುವವರಿಗೆ ಪತ್ರಗಳು ಒಳಕ್ಕೆ ಬರುತ್ತವೆ, ಹೊರಕ್ಕೆ ಮಾತ್ರ ಹೋಗುವುದಿಲ್ಲ ಎಂಬ ವಿಚಿತ್ರ ತೊಂದರೆಯುಂಟಾಗಬಹುದು. ಹೊರಹೋಗುವ ದ್ವಾರದ ಸಂಖ್ಯೆಯನ್ನು ನೋಡಿ. ಹಳೆಯ ೨೫ನೆಯ ದ್ವಾರವನ್ನು ಕಸ ಕಳುಹಿಸುವವರು ದುರುಪಯೋಗ ಮಾಡಿದುದರಿಂದ ಇಂಟರ್‌ನೆಟ್ ಕೊಡುವ ಅನೇಕ ಕಂಪೆನಿಗಳು ಅದನ್ನು ಮುಚ್ಚಿವೆ. ೫೮೭ ಅಥವಾ ೪೬೫ ಎಂದು ಬದಲಾಯಿಸಿ, ಕಳುಹಿಸುವಾಗಲೂ ಪಾಸ್‌ವರ್ಡ್ ಕೇಳುವಂತೆ ಗುರುತು ಹಾಕಬೇಕು. ಹಳೆಯ ತಂತ್ರಾಂಶಗಳಿಗೆ ಜಿಮೇಲಿನ ಮಾಮೂಲು ಪಾಸ್‌ವರ್ಡ್ ೨೦೨೨ರಿಂದ ನಡೆಯುವುದಿಲ್ಲ. ಎರಡನೆಯ ಬೀಗವನ್ನು ಹಾಕಿ, ಆ ತಂತ್ರಾಂಶಕ್ಕೆಂದೇ ಬೇರೊಂದು ಪಾಸ್‌ವರ್ಡನ್ನು ಗೂಗಲ್ ಖಾತೆಯಲ್ಲಿ ಪಡೆಯಬೇಕು. ಇನ್ನು ನಾವು ಏನೂ ತಪ್ಪು ಮಾಡದೆ ಪತ್ರ ಅವರ ಕಸದ ಪೆಟ್ಟಿಗೆಗೆ ಬಿದ್ದರೆ, ಅಲ್ಲಿಂದ ಎತ್ತಿ 'ಇದು ಕಸವಲ್ಲ' ಎಂದು ಒತ್ತಿ, ನಮ್ಮ ಹೆಸರನ್ನು ಪರಿಚಿತರ ಪಟ್ಟಿಯಲ್ಲಿ ಬರೆದುಕೊಳ್ಳಲು ಅವರನ್ನೇ ಕೇಳಿಕೊಳ್ಳಬೇಕು. ಬಾಗಿಲು ಅವರದು; ಕಾವಲುಗಾರನಿಗೆ ಹೇಳಬೇಕಾದವರೂ ಅವರೇ.

ಇಷ್ಟೆಲ್ಲವನ್ನೂ ಕಲಿತು, ಸಂಘದ ವಿಳಾಸದಿಂದಲೇ ಗುರುಗಳಿಗೆ ಮತ್ತೊಮ್ಮೆ ಬರೆದೆ. ಹಿಂದಿನ ಎರಡು ಪತ್ರಗಳನ್ನೂ, ಅವು ಹಿಂತಿರುಗಿದ ಸೂಚನೆಗಳನ್ನೂ ಜೊತೆಗಿಟ್ಟೆ. ಈ ಸಲ 'ಕಳುಹಿಸಲಾಗಿದೆ' ಎಂಬುದನ್ನು ನಂಬಿ ಕಾಫಿಗೆ ಏಳಲಿಲ್ಲ. ಕೂಡಲೇ ದೂರವಾಣಿಯನ್ನು ಎತ್ತಿಕೊಂಡು, "ಮೇಷ್ಟ್ರೇ, ಒಂದು ಪತ್ರ ಹಾಕಿದ್ದೇನೆ. ಬಂದಿದೆಯೇ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಓದುತ್ತಿದ್ದರೆಂದು ತೋರುತ್ತದೆ.

"ಬಂದಿದೆಯಯ್ಯಾ" ಎಂದರು. "ಮೊದಲನೆಯ ಪತ್ರದ ತಾರೀಖನ್ನು ನೋಡಿದೆ. ಹಬ್ಬಕ್ಕೆ ಎರಡು ತಿಂಗಳ ಮೊದಲೇ ಬರೆದಿದ್ದೀಯೆ." ಮತ್ತೆ ಮೌನ. ಅನಂತರ, "ನಾನೂ ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ" ಎಂದರು.

ಬೆಳ್ಳಿಹಬ್ಬ ಮತ್ತೆ ಬಾರದು. ಬರುವ ತಿಂಗಳು ಸಂಘದಲ್ಲಿ ಗುರುಗಳ ಒಂದು ಉಪನ್ಯಾಸವನ್ನು ಇಟ್ಟುಕೊಂಡಿದ್ದೇವೆ. ಆಮಂತ್ರಣವನ್ನು ಇ-ಮೇಲಿನಲ್ಲಿ ಕಳುಹಿಸಿದ್ದೇನೆ, ಸರ್ವರು ಅದನ್ನು ಹಿಂದಕ್ಕಟ್ಟಿಲ್ಲವೆಂದು ನೋಡಿಕೊಂಡಿದ್ದೇನೆ. ಆದರೂ ಈ ಭಾನುವಾರ ಮೈಸೂರಿಗೆ ಹೋಗಿ, ಹಣ್ಣು ಹೂವುಗಳೊಡನೆ ಖುದ್ದಾಗಿ ಕರೆದು ಬರಬೇಕೆಂದು ನನ್ನ ಮನೆಯಾಕೆಯ ಆಜ್ಞೆಯಾಗಿದೆ. ಆ ಆಜ್ಞೆಯನ್ನು ಮೀರುವ ಧೈರ್ಯ ನನಗಿಲ್ಲ.